ಕವಳ ಹಾಕುವವರು ಜಗಲಿಗೆ

ಭಾವನ ಮೇಲೆ ಸೇಡು ತೀರಿಸಿಕೊಳ್ಳಲು ನಾನು ಹತ್ತು ವರ್ಷಕ್ಕೂ ಹೆಚ್ಚು ಕಾಲ ಹಲ್ಲು ಕಚ್ಚಿಕೊಂಡು ಕಾದಿದ್ದೇನೆ. ಹೇಳಿಕೊಳ್ಳಲು ನಾಚಿಕೆಯೇನಿಲ್ಲ. ಕಾಯುವುದರಲ್ಲೂ ಒಂದು ಸುಖವಿತ್ತು.

ಭಾವ ಎಂದರೆ ಅಕ್ಕನ ಗಂಡ. ಮನೆ ಸಿದ್ದಾಪುರ ಪೇಟೆಯಲ್ಲಿ. ತೊಂಬತ್ತರ ದಶಕದ ನಡುವೆ ಎಲ್ಲೋ ಮುಂಬೈಯಿಂದ ಒಂದು ವಿದೇಶಿ ಸ್ಟೀರಿಯೋ ತರಿಸಿದ. ಎದೆಯುದ್ದದ ಸ್ಪೀಕರುಗಳು. ಅದಕ್ಕೆಂದೇ ಒಂದು ಕೋಣೆ ಖಾಲಿ ಮಾಡಿಸಿ, ಕಿಟಕಿಗೆ ದಪ್ಪ ಪರದೆ ಹಾಕಿಸಿ, ಜಮಖಾನ ಹಾಸಿ, ನೆಂಟರನ್ನೆಲ್ಲ ಕೇಳಲು ಕರೆದ. ನಾವು ಕೇಳಿದ್ದು ಹೆಚ್ಚಾಗಿ ಅವನನ್ನೇ. "ಈಗ ತಂಬೂರಿ ಎಡಗಡೆ ಬಂತು, ಗೊತ್ತಾತಾ? ಈಗ ತಬಲಾ ನೋಡಿ, ಬಲಗಡೆ!" ಹಾಡುವವರು ಉಸಿರು ತೆಗೆದುಕೊಳ್ಳಲು ನಿಲ್ಲಿಸುತ್ತಿದ್ದರು, ಇವನು ಅದಕ್ಕೂ ನಿಲ್ಲಿಸುತ್ತಿರಲಿಲ್ಲ.

ನನ್ನ ಅಪ್ಪಯ್ಯನಿಗೆ ಹಿಂದೂಸ್ತಾನಿ ಸಂಗೀತದ ಹುಚ್ಚು. ಶಿರಸಿಯಲ್ಲಿ ಬೈಠಕ್ ಇದೆ ಎಂದು ಕಿವಿಗೆ ಬಿದ್ದರೆ ಸಾಕು, ಅಂಗಿ ಹಾಕಿಕೊಳ್ಳುತ್ತಲೇ ಬಸ್ಸಿಗೆ ಓಡುತ್ತಿದ್ದ. ಅವನಿಗೆ ಸಂಗೀತದ ಜೊತೆ ಕವಳ, ಅಂದರೆ ಎಲೆಯಡಿಕೆ, ಬೇಕು. ಅಂದು ಹಾಡು ಶುರುವಾಗುತ್ತಲೇ ಅಭ್ಯಾಸದಂತೆ ಸಂಚಿ ಬಿಚ್ಚಿ ಅಡಿಕೆ ಕತ್ತರಿಸಿದ. ಅಡಕತ್ತರಿ ಕಟಕ್ ಎಂದಿತು. ಭಾವ ಹಾಡು ನಿಲ್ಲಿಸಿಯೇಬಿಟ್ಟ.

"ಮಾವ, ಆ ಕಟಕಟ ಇಲ್ಲಿ ಆಗ್ತಿಲ್ಲೆ. ಕವಳ ಹಾಕದಾದ್ರೆ ಜಗಲಿ ಮೇಲೆ ಕೂತ್ಕಳಿ. ಇದ್ನ ಕೇಳಲೆ ಬೇರೆ ನಮೂನೆ ಕಿವಿ ಬೇಕು."

ನಮ್ಮ ಕಡೆ ಮನೆಗೆ ಬಂದವನು ಎಂಥವನೇ ಆಗಲಿ, ಮೊದಲು ನೀರು ಬೆಲ್ಲ, ಆಮೇಲೆ ಎಲೆ, ಅಡಿಕೆ, ಸುಣ್ಣ, ಹೊಗೆಸೊಪ್ಪು ಇಟ್ಟ ಕವಳದ ಬಟ್ಟಲು. ಕೋರ್ಟಿನಲ್ಲಿ ಕೇಸು ಹಾಕಿಕೊಂಡವರೂ ಒಂದೇ ಬಟ್ಟಲಿಗೆ ಕೈ ಹಾಕುತ್ತಾರೆ. ಅಂಥದ್ದರಲ್ಲಿ ಹೆಣ್ಣು ಕೊಟ್ಟ ಮಾವನನ್ನು ಕವಳದ ನೆಪದಲ್ಲಿ ನಾಲ್ಕು ಜನರ ಮುಂದೆ ಎಬ್ಬಿಸಿ ಕಳಿಸಿದ. ಅಪ್ಪಯ್ಯ ಪಂಚೆ ಸರಿಮಾಡಿಕೊಂಡು ಎದ್ದ. ಅಕ್ಕ ಜಮಖಾನದ ಅಂಚು ನೋಡುತ್ತ ಕೂತಳು. ನಾನು ಅಪ್ಪಯ್ಯನ ಹಿಂದೆಯೇ ಎದ್ದು ಹೋದೆ. ನಮ್ಮ ಬೆನ್ನಿಗೆ ಭಾವನ ಮಾತು ಬಿತ್ತು: "ಬಾಗ್ಲು ಹಾಕ್ತೆ, ಶಬ್ದ ಹೊರಗೆ ಹೋಗ್ತು." ಒಳಗಿನಿಂದ ಅಗಳಿ ಬಿತ್ತು.

ಜಗಲಿಯಲ್ಲಿ ಅಪ್ಪಯ್ಯ ಸಂಚಿಯನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದ, ಕವಳ ಹಾಕಲಿಲ್ಲ. ನಾನು ಕುದಿಯುತ್ತಿದ್ದೆ. "ಸುಮ್ನಿರು. ಅಕ್ಕಂಗೆ ತೊಂದ್ರೆ ಆಗ್ತು" ಎಂದ.

ಅವಮಾನವನ್ನಾದರೂ ನುಂಗಬಹುದಿತ್ತು. ಆದರೆ ಅಪ್ಪಯ್ಯ ಭಾವನ ಆ ಕಿವಿಯ ಮಾತನ್ನು ನಂಬಿಬಿಟ್ಟ. ಅಲ್ಲಿಂದ ಮುಂದೆ ಬೈಠಕ್ ಬಿಟ್ಟ, ಮನೆಯ ರೇಡಿಯೋಕ್ಕೂ ಬಟ್ಟೆ ಮುಚ್ಚಿದ. ಕೇಳಿದರೆ, "ಯನ್ನ ಕಿವಿ ಅಷ್ಟೆಲ್ಲ ಚೊಲೋ ಇಲ್ಲೆ" ಎನ್ನುತ್ತಿದ್ದ. ಭಾವ ಆ ಮುದುಕನಿಂದ ಕಿತ್ತುಕೊಂಡಿದ್ದನ್ನು ಹೇಗಾದರೂ ವಾಪಸ್ಸು ತರಲೇಬೇಕು, ತರುವಾಗ ಭಾವನ ಸೊಕ್ಕೂ ಮುರಿಯಬೇಕು ಎಂದು ನಾನು ಅಂದೇ ನಿಶ್ಚಯಿಸಿದೆ.

ನನಗೆ ಯಲ್ಲಾಪುರದಲ್ಲಿ ಹೈಸ್ಕೂಲ್ ಕೆಲಸ ಸಿಕ್ಕಿತು. ಅಪ್ಪಯ್ಯ ನನ್ನ ಜೊತೆಗೇ ಇದ್ದ. ಶಿರಸಿಯಿಂದ ಸಾಧಾರಣದ್ದೊಂದು ಆಂಪ್ಲಿಫೈಯರು, ಸ್ಪೀಕರು, ಸಿ.ಡಿ. ಪ್ಲೇಯರು ತಂದೆ. ನಾನು ಹಾಡು ಹಾಕಿದರೆ ಅಪ್ಪಯ್ಯ ಮೆಲ್ಲಗೆ ಅಡಿಗೆಮನೆಗೆ ನಡೆಯುತ್ತಿದ್ದ. ಅಷ್ಟು ಹೊತ್ತಿಗೆ ಎರಡು ಸಾವಿರದ ಇಸವಿ ದಾಟಿ ಏಳೆಂಟು ವರ್ಷವಾಗಿತ್ತು. ಭಾವನ ಮನೆಗೆ ಹೊಸ ಪೆಟ್ಟಿಗೆಯೊಂದು ಬಂದಿತ್ತು, ಇಂಟರ್ನೆಟ್ಟಿನಿಂದ ಹಾಡು ಎಳೆದುಕೊಂಡು ನುಡಿಸುವಂಥದ್ದು. "ಸಿ.ಡಿ. ಎಲ್ಲ ಹಳೇ ಕಾಲದ್ದು. ಈ ಪೆಟ್ಟಿಗೆ ಇಲ್ದೇ ಕೇಳದು ಅಂದ್ರೆ ಕಿವಿಗೆ ಹತ್ತಿ ತುರುಕ್ಯಂಡು ಕೇಳ್ದಾಂಗೆ" ಎಂದು ಫೋನಿನಲ್ಲಿ ಕೊರೆದ.

ನಾನೂ ಹುಬ್ಬಳ್ಳಿಗೆ ಹೋಗಿ ಅಂಥದ್ದೇ ಪೆಟ್ಟಿಗೆ ನೋಡಿದೆ. ಬೆಲೆ ಕೇಳಿ ಬಾಯಿ ಒಣಗಿತು. ಆದರೂ ಅದನ್ನು ಕೊಂಡು ಭಾವನ ಮುಖಕ್ಕೆ ಹಿಡಿಯುವ ಆಸೆ. ಅಂಗಡಿಯವರು, "ಒಯ್ದು ಕೇಳಿ ನೋಡ್ರಿ, ಬ್ಯಾಡಾದ್ರ ವಾಪಸ್ ತರ್ರಿ" ಎಂದರು. ತಂದು ಪೆಟ್ಟಿಗೆಯಲ್ಲೊಮ್ಮೆ, ಹಳೆಯ ಪ್ಲೇಯರಿನಲ್ಲೊಮ್ಮೆ ಒಂದೇ ಹಾಡು ಕೇಳಿದೆ. ವ್ಯತ್ಯಾಸ ಇದೆ ಎಂದುಕೊಂಡರೆ ಇತ್ತು, ಇಲ್ಲ ಎಂದುಕೊಂಡರೆ ಇರಲಿಲ್ಲ. ಕೊಳ್ಳುವುದೋ ಬಿಡುವುದೋ ತೀರ್ಮಾನವಾಗಲಿಲ್ಲ. ಸುದ್ದಿ ತಿಳಿದ ಭಾವ, "ಆನೇ ಬಂದು ಕೇಳಿ ಹೇಳ್ತೆ, ನಿಂಗೆ ಗೊತ್ತಾಗ್ತಿಲ್ಲೆ" ಎಂದು ಭಾನುವಾರ ಬರುವುದಾಗಿ ಹೇಳಿದ.

ಶನಿವಾರ ಅರಬೈಲ್ ಘಟ್ಟದಲ್ಲಿ ರಸ್ತೆ ಅಗೆಯುವವರು ಕೇಬಲ್ ಕಡಿದರಂತೆ, ಊರಿಗೆಲ್ಲ ಇಂಟರ್ನೆಟ್ ಹೋಯಿತು. ಅಷ್ಟು ದುಬಾರಿ ಪೆಟ್ಟಿಗೆ ನೀಲಿ ದೀಪ ಹೊತ್ತಿಸಿಕೊಂಡು ಮೂಕವಾಗಿ ಕೂತಿತು. ಅದನ್ನು ನೋಡುತ್ತ ನೋಡುತ್ತ ನನಗೆ ಉಪಾಯ ಹೊಳೆಯಿತು. ಅಂದು ನನಗೆ ಬಂದಷ್ಟು ನಗು ಜನ್ಮದಲ್ಲಿ ಬಂದಿಲ್ಲ.

ಭಾನುವಾರ ಪೆಟ್ಟಿಗೆಯನ್ನು ಮೇಜಿನ ಮೇಲೆ ಎಲ್ಲರಿಗೂ ಕಾಣುವಂತೆ ಇಟ್ಟೆ. ಹಳೆಯ ಸಿ.ಡಿ. ಪ್ಲೇಯರನ್ನು ಮೇಜಿನ ಕೆಳಗಿಟ್ಟು ಸ್ಪೀಕರಿಗೆ ಅದನ್ನೇ ಜೋಡಿಸಿ, ಬಟ್ಟೆ ಮುಚ್ಚಿದೆ. ಕವಳ ಉಗಿಯುವ ಪೀಕದಾನಿಯನ್ನು ಹಿತ್ತಲಿಗೆ ಸಾಗಿಸಿದೆ. ಅಕ್ಕ, ಭಾವ, ಅಕ್ಕಪಕ್ಕದವರು ಬಂದು ಕೂತ ಮೇಲೆ ಅಪ್ಪಯ್ಯನನ್ನು ಕರೆದು, "ಭಾವಂಗೆ ನೀನೇ ಒಂದು ಕವಳ ಮಾಡಿ ಕೊಡು" ಎಂದೆ. ಅಪ್ಪಯ್ಯನಿಗೆ ನನ್ನ ಮಸಲತ್ತು ಗೊತ್ತಿಲ್ಲ. ಅಳಿಯನಿಗೆಂದು ಪ್ರೀತಿಯಿಂದ ಎಳೆ ಎಲೆ ಆರಿಸಿ, ಹೊಗೆಸೊಪ್ಪು ಧಾರಾಳವಾಗಿಟ್ಟು ಮಡಚಿ ಕೊಟ್ಟು ಅಡಿಗೆಮನೆಗೆ ಹೋದ. ಮಾವ ಕೈಯಾರೆ ಕೊಟ್ಟಿದ್ದನ್ನು ನಾಲ್ಕು ಜನರ ಎದುರು ಬೇಡ ಎನ್ನುವುದು ಹೇಗೆ? ಭಾವ ಬಾಯಿಗೆ ಹಾಕಿಕೊಂಡ. ಹೊಗೆಸೊಪ್ಪಿನ ರಸ, ನುಂಗುವಂತಿಲ್ಲ. ಬಾಯಿ ತೆರೆದರೆ ಅಂಗಿಯ ಮೇಲೆ.

ನಾನು ಹಾಡು ಹಾಕಿದೆ.

ಭಾವ ಕಣ್ಣು ಮುಚ್ಚಿ ತಲೆದೂಗಿದ. ಪೆಟ್ಟಿಗೆಯತ್ತ ಬೆರಳು ತೋರಿಸಿದ, ತನ್ನ ಕಿವಿ ಮುಟ್ಟಿಕೊಂಡ, ಎಡಕ್ಕೊಮ್ಮೆ ಬಲಕ್ಕೊಮ್ಮೆ ಕೈ ಬೀಸಿದ. ಹಾಡು ಮುಗಿದಾಗ ನಾನು ಬಹಳ ವಿನಯದಿಂದ ಕೇಳಿದೆ.

"ಭಾವಾ, ಹಳೇ ಸಿ.ಡಿ. ಪ್ಲೇಯರಿಗೂ ಇದಕ್ಕೂ ವ್ಯತ್ಯಾಸ ಇದ್ದಾ?"

ಭಾವ ಒಂದು ಕೈಯನ್ನು ಮಾಡಿನತ್ತ ಎತ್ತಿದ, ಇನ್ನೊಂದನ್ನು ನೆಲಕ್ಕೆ ತಾಗಿಸಿದ.

ನಾನು ಮೇಜಿನ ಕೆಳಗಿನ ಬಟ್ಟೆ ತೆಗೆದೆ. "ನಿನ್ನೆಯಿಂದ ಇಂಟರ್ನೆಟ್ಟೇ ಇಲ್ಲೆ ಭಾವಾ. ಪೆಟ್ಟಿಗೆ ಬರೀ ದೀಪ ಹೊತ್ತಿಸ್ತಾ ಇದ್ದು."

ಮೊದಲು ನಕ್ಕವಳು ಅಕ್ಕ. ಆಮೇಲೆ ಕೋಣೆಯೆಲ್ಲ ನಕ್ಕಿತು. ಪೆಟ್ಟಿಗೆ ಬೇಕೋ ಬೇಡವೋ ಎಂಬ ಪ್ರಶ್ನೆ ಅಲ್ಲಿಗೆ ಮುಗಿಯಿತು, ಮರುದಿನವೇ ಅದನ್ನು ಹುಬ್ಬಳ್ಳಿಗೆ ಮರಳಿಸಿದೆ. ಭಾವನ ಗಂಟಲಿನ ತನಕ ವಾದ ಉಕ್ಕಿ ಬಂದಿದ್ದು ಕಾಣುತ್ತಿತ್ತು, ಹೊರಬರಲು ದಾರಿಯಿರಲಿಲ್ಲ. ಪೀಕದಾನಿ ಹುಡುಕಿದ. ಕೊನೆಗೆ ಬಾಯಿಗೆ ಕೈ ಅಡ್ಡ ಹಿಡಿದು ಜಗಲಿಗೆ ಓಡಿದ. ನಾನು ಅವನ ಬೆನ್ನಿಗೇ ಹೋದೆ.

"ಬಾಗ್ಲು ಹಾಕ್ತೆ ಭಾವಾ, ಶಬ್ದ ಹೊರಗೆ ಹೋಗ್ತು."

ಅಗಳಿ ಹಾಕಿ ಬಂದು ಮುಂದಿನ ಹಾಡು ಹಚ್ಚಿದೆ. ನಗುವಿನ ಸದ್ದಿಗೆ ಅಪ್ಪಯ್ಯ ಅಡಿಗೆಮನೆಯ ಬಾಗಿಲಿಗೆ ಬಂದು ನಿಂತಿದ್ದ. ಅಕ್ಕ ಎದ್ದು ಹೋಗಿ ಕೈ ಹಿಡಿದು ಕರೆತಂದು, ಭಾವ ಕೂತಿದ್ದ ಜಾಗದಲ್ಲೇ ಕೂರಿಸಿದಳು. ಅಪ್ಪಯ್ಯ ಹಾಡಿಗೆ ಕಿವಿಗೊಟ್ಟ. ಆಮೇಲೆ ಸಂಚಿ ಬಿಚ್ಚಿ, ಅಡಿಕೆ ಹಿಡಿದು, ಕೇಳುವವನಂತೆ ನನ್ನ ಮುಖ ನೋಡಿದ. ನಾನು ತಲೆಯಾಡಿಸಿದೆ. ಅಡಕತ್ತರಿ ಕಟಕ್ ಎಂದಿತು.

ಹೊರಗಿನಿಂದ ಬಾಗಿಲು ಬಡಿಯುವ ಸದ್ದು ಕೇಳಿಸಿತು. ನಾನು ವಾಲ್ಯೂಮ್ ಜಾಸ್ತಿ ಮಾಡಿದೆ.