ಕಂಬದ ಮೇಲಿದ್ದವಳಿಗೆ ಕೇಳಿದ ದನಿ

ದೆವ್ವ, ಶಕುನ, ಅಶರೀರವಾಣಿ ಎಂದು ಯಾರಾದರೂ ಹೇಳಿದರೆ ನಾನು ಅವರ ಮುಖದ ಮೇಲೆಯೇ ನಗುತ್ತಿದ್ದೆ. ಮೂವತ್ತೆರಡು ವರ್ಷ ವಿದ್ಯುತ್ ಕಂಬ ಹತ್ತಿ ಇಳಿದವನು ನಾನು. ದೀಪ ಹತ್ತದಿದ್ದರೆ ಎಲ್ಲೋ ತಂತಿ ಕಡಿದಿರುತ್ತದೆ, ಹುಡುಕಿದರೆ ಸಿಗುತ್ತದೆ; ನನ್ನ ತಿಳುವಳಿಕೆ ಇಷ್ಟೇ. ಈಗ ಬರೆಯುತ್ತಿರುವುದರ ಕಾರಣ ಮಾತ್ರ ಎಷ್ಟು ಹುಡುಕಿದರೂ ಸಿಕ್ಕಿಲ್ಲ. ಇದರಲ್ಲಿ ನನ್ನ ತಪ್ಪೂ ಇದೆ. ಅದನ್ನು ಎಂಟು ವರ್ಷ ಮುಚ್ಚಿಟ್ಟಿದ್ದೆ.

ಆಗ ನಾನು ರಾಯಬಾಗ ತಾಲೂಕಿನ ಹೊಳೆದಂಡೆಯ ಕಡೆ ಲೈನ್ ಮೇಸ್ತ್ರಿಯಾಗಿದ್ದೆ. ಕೈಕೆಳಗೆ ನಾಲ್ಕು ಜನ ಗಂಡಸರು. ಐದನೆಯವಳಾಗಿ ಸುರೇಖಾ ಬಂದಳು. ಕಾಗವಾಡ ಕಡೆಯ ಕುರಿಗಾರರ ಮನೆಯ ಮಗಳು. ಕಂಬ ಹತ್ತುವ ಪರೀಕ್ಷೆಯಲ್ಲಿ ಪಾಸಾಗಿ ನೌಕರಿ ಹಿಡಿದಿದ್ದಳು. ಆದರೂ ನಾನು ಆಕೆಗೆ ಬಿಲ್ ಹಂಚುವ ಕೆಲಸ, ರಜಿಸ್ಟರ್ ಬರೆಯುವ ಕೆಲಸ ಕೊಡುತ್ತಿದ್ದೆ. ಒಮ್ಮೆಯೂ ಹೆಸರು ಹಿಡಿದು ಕರೆದಿರಲಿಲ್ಲ. ‘ಏ ಹುಡುಗಿ’ ಅಂದರೆ ಸಾಕು ಎಂದುಕೊಂಡಿದ್ದೆ. ಆಕೆಯೇ ಹಟ ಹಿಡಿದು ಕಂಬ ಹತ್ತತೊಡಗಿದಳು. ಆ ನಾಲ್ವರಲ್ಲಿ ಅಪ್ಪಾಸಾಹೇಬ ಎಂಬವನು ಕೆಳಗೆ ನಿಂತು ಚೇಷ್ಟೆ ಮಾಡುತ್ತಿದ್ದ: “ಅಕ್ಕಾರ, ಮ್ಯಾಲಿಂದ ಕೊಲ್ಲಾಪುರ ಕಾಣತೈತೇನ್ರಿ?”

“ಕಾಣತೈತ್ರಿ. ನಿಮ್ಮನ್ನ ಮಾತ್ರ ಮೂರು ತಿಂಗಳಾತು, ಮ್ಯಾಲ ಕಂಡಿಲ್ಲ.”

ಎಲ್ಲರೂ ನಕ್ಕರು. ನಾನು ನಗಲಿಲ್ಲ. ಒಬ್ಬ ಹೆಣ್ಣುಮಗಳು ನನ್ನ ಮಂದಿಯನ್ನು ನಗಿಸಿದ್ದು ನನಗೆ ಸೇರಲಿಲ್ಲ.

ನಮ್ಮ ಕೆಲಸದಲ್ಲಿ ಒಂದು ಕಟ್ಟುನಿಟ್ಟಿದೆ. ಕಂಬ ಹತ್ತುವ ಮೊದಲು ಮೇಸ್ತ್ರಿ ವಿದ್ಯುತ್ ಸ್ಟೇಷನ್ನಿಗೆ ಫೋನ್ ಮಾಡಿ, ತನ್ನ ಹೆಸರಿನಲ್ಲಿ ಕರೆಂಟ್ ಬಂದ್ ಮಾಡಿಸುತ್ತಾನೆ. ಇದಕ್ಕೆ ಲೈನ್ ಕ್ಲಿಯರ್ ಎನ್ನುತ್ತಾರೆ. ಎಲ್ಲರೂ ಇಳಿದರೆಂದು ಅವನೇ ಹೇಳದೆ ಕರೆಂಟ್ ಬಿಡುವುದಿಲ್ಲ. ಮೇಲಿರುವವರ ಜೀವ ಅವನ ಒಂದು ಮಾತಿನ ಮೇಲೆ ನಿಂತಿರುತ್ತದೆ.

ಆ ದಿನ ಬಿಸಿಲು ನೆತ್ತಿಗೆ ಬಂದಿತ್ತು. ಆಳೆತ್ತರಕ್ಕೂ ಮೀರಿ ಬೆಳೆದ ಕಬ್ಬಿನ ನಡುವೆ ಹಾದುಹೋದ ಲೈನ್ ರಿಪೇರಿ ಇತ್ತು. ಲೈನ್ ಕ್ಲಿಯರ್ ತೆಗೆದುಕೊಂಡೆ. ನಾಲ್ವರನ್ನು ಜೀಪಿನ ಹತ್ತಿರದ ಕಂಬಗಳಿಗೆ ಹಚ್ಚಿದೆ. ಸುರೇಖಾಳಿಗೆ ಎರಡು ಫರ್ಲಾಂಗ್ ಆಚೆಯ ಕಂಬ ತೋರಿಸಿ, ತಂತಿ ಕೂರಿಸುವ ಪಿಂಗಾಣಿಯ ಒಡೆದ ಇನ್ಸುಲೇಟರ್ ಬದಲಿಸಲು ಹೇಳಿದೆ.

“ಕಾಕಾ, ನನ್ನ ಜೋಡಿ ಯಾರ್ರಿ?”

“ಗಂಡಸರಷ್ಟ ಪಗಾರ ತಗೋತಿ, ಗಂಡಸರಂಗ ಒಬ್ಬಾಕಿನ ಹೋಗು.”

ನಾವು ಯಾವ ಗಂಡಸನ್ನೂ ಒಂಟಿಯಾಗಿ ಕಳಿಸುತ್ತಿರಲಿಲ್ಲ. ಆಕೆ ಕಂಬಕ್ಕೆ ಕಟ್ಟಿಕೊಳ್ಳುವ ಬೆಲ್ಟ್ ಹೆಗಲಿಗೆ ಹಾಕಿಕೊಂಡು ಬದುವಿನ ಮೇಲೆ ನಡೆದಳು.

ತಾಸೊಂದರಲ್ಲಿ ಈ ಕಡೆಯ ಕೆಲಸ ಮುಗಿಯಿತು. ನಾಲ್ವರೂ ಇಳಿದು ಬಂದು ಬೆವರು ಒರೆಸಿಕೊಂಡರು. ನಾನು ತಲೆ ಎಣಿಸಿದೆ: ನಾಲ್ಕು. ಲೆಕ್ಕ ಸರಿಯಾಗಿದೆ ಎನ್ನಿಸಿತು. ತಪ್ಪಿ ಕರೆಂಟ್ ಬಂದರೆ ನೆಲಕ್ಕೆ ಹರಿಯಲೆಂದು ತಂತಿಗೆ ಕಟ್ಟಿದ್ದ ಸರಪಳಿ ಬಿಚ್ಚಿಸಿ ಸ್ಟೇಷನ್ನಿಗೆ ಫೋನ್ ಮಾಡಿ, “ಎಲ್ಲಾರೂ ಇಳದಾರ, ಲೈನ್ ಬಿಡ್ರಿ” ಅಂದೆ. ಕರೆಂಟ್ ಬಂತು. ಆಟೋ ಸ್ಟಾರ್ಟರ್ ಹಾಕಿಟ್ಟಿದ್ದ ಬಾವಿಗಳ ಮೋಟಾರುಗಳು ಸುತ್ತಲೂ ಒಟ್ಟಿಗೇ ಶುರುವಾದವು.

ಬೇಕೆಂದು ಮಾಡಲಿಲ್ಲ. ಮರೆತಿದ್ದೆ. ಮೂರು ತಿಂಗಳಾದರೂ ನನ್ನ ಎಣಿಕೆಯಲ್ಲಿ ಆಕೆ ಸೇರಿಯೇ ಇರಲಿಲ್ಲ.

ಜೀಪಿನಲ್ಲಿ ಒಂದು ಮೊಬೈಲ್ ರಿಂಗಾಯಿತು. ಅಪ್ಪಾಸಾಹೇಬ ಎತ್ತಿ ನೋಡಿ, “ಅಕ್ಕಾರ ಫೋನ್ರಿ ಇದು. ಅವರ ಅವ್ವ ಮಾಡಾಕತ್ತಾರ” ಅಂದ.

ಸ್ಟೇಷನ್ನಿಗೆ ಮತ್ತೆ ಬಂದ್ ಮಾಡಲು ಹೇಳೆಂದು ಅವನಿಗೆ ನನ್ನ ಫೋನ್ ಎಸೆದು ಓಡಿದೆ. ಕಬ್ಬಿನ ಗರಿ ಮುಖ ಕೊಯ್ಯುತ್ತಿತ್ತು. ಮೋಟಾರುಗಳ ಸದ್ದಿನಲ್ಲಿ, ಗಂಟಲು ಹರಿಯುವಂತೆ ಒದರಿದೆ: “ಸುರೇಖಾ, ಇಳಿಯವ್ವಾ, ಲೈನ್ ಬಂತು.” ಆಕೆಯ ಹೆಸರು ನನ್ನ ಬಾಯಿಂದ ಬಂದದ್ದು ಅದೇ ಮೊದಲು.

ಆಕೆ ಕಂಬದ ಬುಡದಲ್ಲಿ ಬೆಲ್ಟ್ ಬಿಚ್ಚಿಟ್ಟು ಕೂತಿದ್ದಳು. ನನ್ನನ್ನು ನೋಡಿ ಎದ್ದಳು.

“ಮತ್ಯಾಕ ಓಡಿ ಬಂದ್ರಿ ಕಾಕಾ? ನೀವು ಒದರಿದ ಕೂಡಲೇ ಇಳದೇನಲ್ರಿ.”

“ಯಾವಾಗ ಒದರಿದೆ?”

“ಆಗಳೆ. ‘ಸುರೇಖಾ, ಇಳಿಯವ್ವಾ, ಲೈನ್ ಬಂತು’ ಅಂದ್ರಿ. ಭಾಳ ಅಂಜಿದಂಗ ಇತ್ತು ದನಿ. ಕೆಲಸ ಅರ್ಧಾ ಬಿಟ್ಟು ಇಳದೆ. ನೀರ ಕುಡದ ಮ್ಯಾಲ ಆ ಮೋಟಾರ ಚಾಲೂ ಆತು.”

ಓದುಗರು ಇದನ್ನು ಗಮನಿಸಬೇಕು. ನಾನು ಒದರಿದ್ದು ಮೋಟಾರು ಶುರುವಾದ ಮೇಲೆ. ಆಕೆಗೆ ಕೇಳಿದ್ದು ಅದಕ್ಕೂ ಮೊದಲು, ಹೊಲಗಳೆಲ್ಲ ಸುಮ್ಮನಿದ್ದಾಗ. ಆ ಹೊತ್ತಿನಲ್ಲಿ ನಾನು ಜೀಪಿಗೆ ಒರಗಿ ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದೆ. ನನ್ನ ದನಿಯಲ್ಲಿ ಅಂಜಿಕೆಯೂ ಇರಲಿಲ್ಲ, ನನ್ನ ತಲೆಯಲ್ಲಿ ಆಕೆಯೂ ಇರಲಿಲ್ಲ. ಮರುದಿನ ಸುತ್ತಲಿನ ಹೊಲದವರನ್ನು ಕೇಳಿದೆ. ಹಿಂದಿನ ದಿನ ಆ ಹೊತ್ತಿಗೆ ಅಲ್ಲಿ ಯಾರೂ ಇರಲಿಲ್ಲವಂತೆ, ಆಕೆಯ ಹೆಸರು ಅವರಲ್ಲಿ ಯಾರಿಗೂ ಗೊತ್ತಿರಲಿಲ್ಲ.

ಆಗಲೇ ನಿಜ ಹೇಳಬೇಕಿತ್ತು. ನಾನು “ಹೂಂ” ಅಂದುಬಿಟ್ಟೆ. ಉಳಿದವರಿಗೂ ಬಾಯಿ ಮುಚ್ಚಿಕೊಂಡಿರಲು ಹೇಳಿದೆ. ಕಾಕಾ ನನ್ನ ಜೀವ ಉಳಿಸಿದರು ಎಂದು ಆಕೆ ಕಂಡವರಿಗೆಲ್ಲ ಹೇಳಿದಳು. ನಾನು ನಿವೃತ್ತನಾದ ದಿನ ಶಾಲು ಹೊದಿಸಿ ಕಾಲು ಮುಟ್ಟಿದಳು. ಪ್ರತಿ ಹಬ್ಬಕ್ಕೂ ಫೋನ್ ಮಾಡುತ್ತಿದ್ದಳು.

ಕಳೆದ ತಿಂಗಳು ಅಥಣಿಗೆ ಹೋದೆ. ಈಗ ಆಕೆ ಅಲ್ಲಿ ಮೇಸ್ತ್ರಿ. ಆರು ಜನ ಗಂಡಸರು ಆಕೆಯ ಮಾತಿಗೆ ಕಂಬ ಹತ್ತುತ್ತಾರೆ. ಚಹಾ ತರಿಸಿದಳು. ನಾನು, “ಅವತ್ತ ನಿನ್ನ ಮರತ ಲೈನ್ ಬಿಡಿಸಿದ್ನವ್ವಾ” ಅಂದೆ.

“ನಾ ಇಳದೇನಂತ ಹೇಳೂ ಮೊದಲ ಮೋಟಾರ ಚಾಲೂ ಆದಾಗ ಗೊತ್ತಾಗಿತ್ರಿ,” ಅಂದಳು. “ಸಾಹೇಬರಿಗಿ ಬರದ ಕೊಡಬೇಕಂದಿದ್ದೆ. ನಿಮ್ಮ ನೌಕರಿ ಉಳೀತಿರಲಿಲ್ಲ. ಆದ್ರ ನೆನಸಿಕೊಂಡು ಕರದವರೂ ನೀವ ಅಲ್ಲೇನ್ರಿ? ಅದಕ್ಕ ಬಿಟ್ಟೆ.”

ಅಲ್ಲಿಗೇ ನಿಲ್ಲಿಸಿ ಎದ್ದು ಬರಬಹುದಿತ್ತು. ಬರಲಾಗಲಿಲ್ಲ. ಮೊದಲಿನ ದನಿ ನನ್ನದಲ್ಲ, ನಾನು ಒದರಿದ್ದು ಆಮೇಲೆ ಎಂದು ಹೇಳಿದೆ.

ಆಕೆ ಕಪ್ಪು ಕೆಳಗಿಟ್ಟು ಕೇಳಿದಳು: “ಹಂಗಾದ್ರ ಇಷ್ಟ ವರ್ಷ ನಾ ಕಾಕಾ ಅಂದಿದ್ದು ಯಾರಿಗ್ರಿ?”

ನಾನು ಚಹಾ ಅಲ್ಲೇ ಬಿಟ್ಟು ಎದ್ದು ಬಂದೆ. ಅದಾದ ಮೇಲೆ ಒಂದು ಹಬ್ಬ ಹೋಯಿತು, ಫೋನ್ ಬರಲಿಲ್ಲ.