‘ಸಾರಿ’ ಎಂದರೆ ಇಷ್ಟೇ

ಕೊಡಗು ಇನ್ನೂ ಬೇರೆಯೇ ರಾಜ್ಯವಾಗಿದ್ದ ಕಾಲ. ಹುತ್ತರಿ ಸುಗ್ಗಿಹಬ್ಬದ ಮರುದಿನ ಗಾಳಿಬೀಡಿನ ನಮ್ಮ ಮನೆಗೆ ಪಕ್ಕದ ಎಸ್ಟೇಟಿನ ಬಿಳಿಯ ದೊರೆ ನಾಯಿಯೊಂದಿಗೆ ಬಂದ. ಆ ದರಿದ್ರ ನಾಯಿ ಹೊಸಕ್ಕಿ ಪಾಯಸದ ಪಾತ್ರೆಗೆ ಮೂತಿ ಹಾಕಿ ಜೊಲ್ಲು ಸುರಿಸಿತು. ದೊರೆ ನಗುತ್ತಲೇ “ಸಾರಿ” ಎಂದ.

“ಹಾಗಂದ್ರೆ ಎಂತ?” ಅಜ್ಜ ಕೇಳಿದರು.

“ತಪ್ಪಾಯ್ತು ಅಂತ ಹೇಳ್ತಿದ್ದಾರೆ,” ಎಂದ ದೊರೆಯ ಜೊತೆ ಬಂದಿದ್ದ, ಲೆಕ್ಕ ಬರೆಯುವ ಎಸ್ಟೇಟ್ ರೈಟರ್.

ನಮ್ಮಲ್ಲಿ ತಪ್ಪಾಯ್ತು ಎಂದವರು ಬಗ್ಗಿ ಹಿರಿಯರ ಕಾಲು ಹಿಡಿಯಬೇಕು. ಅಜ್ಜ ಕಾಲು ಜೋಡಿಸಿ, ಹರಸಲು ಕೈಯೆತ್ತಿ ನಿಂತರು. ದೊರೆ ಬಗ್ಗಿದ. ಬಗ್ಗಿ, ಕರವಸ್ತ್ರದಿಂದ ನಾಯಿಯ ಮೂತಿ ಒರೆಸಿ, ಜೀಪಿನತ್ತ ನಡೆದೇಬಿಟ್ಟ. ಥೂ! ಆ ಪದದ ಅರ್ಥವೂ ಬಳಕೆಯೂ ನನಗೆ ಅಂದೇ ತಿಳಿಯಿತು.

ಪಾಯಸವನ್ನು ತಿಪ್ಪೆಗೆ ಹೊತ್ತೊಯ್ಯುತ್ತಿದ್ದ ಅಮ್ಮನಿಗೆ ಅಜ್ಜ ಹೇಳಿದರು: “ಆ ಸಾರಿಯನ್ನೂ ಅದ್ರೊಟ್ಟಿಗೇ ಸುರಿ.”