ಗಾಡಿಗೊಂದು ಕೊಡ ಹೊಳೆನೀರು

ಕಾರಿನ ಚಾವಿ ನನ್ನ ಪರ್ಸಿನಿಂದ ಯಜಮಾನರ ಅಂಗಿಯ ಕಿಸೆಗೆ ಹೋದದ್ದು ಒಂದು ಭಾನುವಾರ. ಶಾಲೆಯಲ್ಲಿ ಮಕ್ಕಳಿಗೆ ಕನ್ನಡ ಕಲಿಸುತ್ತಲೇ ತಲೆ ನರೆಸಿಕೊಂಡ ನಾನು ನಲವತ್ತೆಂಟನೆಯ ವಯಸ್ಸಿನಲ್ಲಿ ಕಾರು ಹೊಡೆಯಲು ಕಲಿತವಳು. ಲೈಸೆನ್ಸ್ ಕೈಗೆ ಬಂದ ದಿನವೇ, ಬೆಳ್ಳಟ್ಟಿಯಲ್ಲಿ ನನ್ನ ತಮ್ಮನ ಮನೆಯಲ್ಲಿರುವ ಅವ್ವನಿಗೆ ಫೋನು ಮಾಡಿದ್ದೆ. "ಯವ್ವಾ, ನಿನ್ನ ಸಿಂಗಟಾಲೂರ ಹೊಳಿಗೆ ಕರಕೊಂಡು ಹೊಕ್ಕೀನಿ. ಗಾಡಿ ನಾನ ಹೊಡೀತೀನಿ."

"ಖರೇನ?" ಅಂತ ಅವ್ವ ಮೂರು ಸಲ ಕೇಳಿದಳು.

ಹೇಳಿದಂತೆ ಆ ಭಾನುವಾರ ಬೆಳಿಗ್ಗೆ ಲಕ್ಷ್ಮೇಶ್ವರ ಬಿಟ್ಟೆ. ಶಿರಹಟ್ಟಿ ದಾಟಿದ್ದೇ ತಡ, ಎಂಜಿನ್ನಿನ ಬಿಸಿ ತೋರಿಸುವ ಮುಳ್ಳು ಕೆಂಪು ಗೆರೆ ಮುಟ್ಟಿತು. ಬಾನೆಟ್ಟಿನ ಸಂದಿಯಿಂದ ಬುಸ್ಸೆಂದು ಹಬೆ. ಬೇವಿನ ಗಿಡದ ನೆರಳಿಗೆ ನಿಲ್ಲಿಸಿ, ತಣ್ಣಗಾಗುವ ತನಕ ಒಂದು ತಾಸು ಕಾದು, ನೀರು ಹಾಕಿ, ಅಲ್ಲಲ್ಲಿ ನಿಲ್ಲಿಸುತ್ತ ಹೇಗೋ ಮನೆಗೆ ವಾಪಸು ತಂದೆ. ನಡುವೆ ಅವ್ವನ ಫೋನು: "ಸೀರಿ ಉಟಗೊಂಡು ಕಟ್ಟಿ ಮ್ಯಾಲ ಕುಂತೀನಿ. ಎಲ್ಲಿದ್ದಿ ಯವ್ವಾ?" ಏನಂತ ಹೇಳಲಿ? ಮುಂದಿನ ವಾರ ಬರ್ತೀನಿ ಅಂದೆ. ಅವ್ವ "ಆತು ಬಿಡು" ಅಂದಳು. ಆ "ಬಿಡು" ನನಗೆ ಚುಚ್ಚಿತು.

ಮನೆಯಲ್ಲಿ ಯಜಮಾನರು ಕಾಯುತ್ತಿದ್ದರು. ಬಜಾರಿನಲ್ಲಿ ಕಾಳಿನ ವ್ಯಾಪಾರಸ್ಥರು, ಮಾತು ತೂಗಿ ಆಡುವವರು. ಅವತ್ತು ತಕ್ಕಡಿ ಎಲ್ಲಿಟ್ಟಿದ್ದರೋ.

"ಹತ್ತು ವರ್ಷ ನಾ ಹೊಡದೀನಿ, ಒಮ್ಮೆರ ಕುದ್ದಿಲ್ಲ. ನೀ ಸೆಕೆಂಡ್ ಗೇರಿನ್ಯಾಗ ಎಳದಿರತಿ."

ಅವರು ಹೊಡೆಯುವುದು ಮನೆಯಿಂದ ಅಂಗಡಿಗೆ, ಅಂಗಡಿಯಿಂದ ಗುಡಿಗೆ. ಅಷ್ಟರಲ್ಲಿ ಎಂಜಿನ್ ಬೆಚ್ಚಗೂ ಆಗುವುದಿಲ್ಲ! ಗೇರು ಸರಿಯಾಗಿಯೇ ಹಾಕಿದ್ದೆ ಅಂದೆ.

"ಕುಣೀಲಾರದಾಕಿ ನೆಲ ಡೊಂಕು ಅಂದ್ಲಂತ" ಎಂದು ಚಾವಿ ಕಿಸೆಗೆ ಇಳಿಸಿದರು. "ನಿಮ್ಮವ್ವನ್ನ ನಾ ಕರಕೊಂಡು ಹೊಕ್ಕೀನಿ ತಗೋ. ನೀ ಹಿಂದ ಕುಂಡ್ರು."

ಸಿಟ್ಟು ನೆತ್ತಿಗೇರಿತು. ಹೊಳೆಯನ್ನು ಅವ್ವ ಬೇಕಾದಷ್ಟು ಸಲ ಕಂಡಿದ್ದಾಳೆ. ಮಗಳು ಕಾರು ಹೊಡೆಯುವುದನ್ನು ಕಾಣಬೇಕಿತ್ತು ಅವಳಿಗೆ. "ಬಿಚ್ಚಿ ನೋಡೂಣು ಬರ್ರಿ" ಎಂದೆ. "ತಪ್ಪು ನಂದಾದ್ರ ಚಾವಿ ನಿಮ್ಮ ಹತ್ರಾನ ಇರಲಿ. ಗಾಡೀದಾದ್ರ ನನ್ನ ಕೈಗೆ ಕೊಡಬೇಕು." ಒಪ್ಪಿದರು.

ಎದುರು ಮನೆಯ ಮಿಸ್ತ್ರಿ ಚಾಚಾನನ್ನು ಕರೆದೆ. ಮೊಣಕಾಲು ಹಿಡಿದುಕೊಂಡ ಮೇಲೆ ಗ್ಯಾರೇಜು ಬಿಟ್ಟವರು, ಆದರೆ ಹೇಳಿಕೊಡಲು ಬಾಯಿಗೇನೂ ನೋವಿಲ್ಲ. ಅಂಗಳದಲ್ಲಿ ಕುರ್ಚಿ ಹಾಕಿಕೊಟ್ಟೆ.

"ಪೂರಾ ತಣ್ಣಗಾಗೈತಿಲ್ಲ ಅಕ್ಕಾರ? ಬಿಸಿ ಇದ್ದಾಗ ರೇಡಿಯೇಟರಿನ ಮುಚ್ಚಳ ತಗದ್ರ ಮಾರಿ ಸುಡತೈತಿ."

ಯಜಮಾನರು ಹಳೆ ಚೀಲ ಹಾಸಿಕೊಂಡು ಕಾರಿನ ಕೆಳಗೆ ಮಲಗಿ ರೇಡಿಯೇಟರಿನ ತಳದ ತಿರುಪು ಸಡಿಲಿಸಿದರು. ನಾನು ಬೋಗುಣಿ ಒಡ್ಡಿದೆ. ನೀರು ಧಾರೆಯಾಗಿ ಬರಬೇಕಾದಲ್ಲಿ ತೊಟಕು ತೊಟಕು. ಚಾಚಾ ಹೇಳಿದಂತೆ ತಂತಿ ಆಡಿಸಿದ ಮೇಲೆ ಬಂತು ನೋಡಿ, ಸುಣ್ಣ ಕದಡಿದಂಥ ನೀರು, ಅದರ ಜೊತೆ ಬಿಳಿ ಹಕ್ಕಳೆ.

ಒಂದು ಹಕ್ಕಳೆ ಕೈಗೆ ತೆಗೆದುಕೊಂಡೆ. ಅಯ್ಯ ಶಿವನೇ, ಇದು ನನ್ನ ಬಚ್ಚಲಿನ ಹಂಡೆಯೊಳಗೆ ಕಟ್ಟುವ ಉಪ್ಪೇ! ಪ್ರತಿ ತಿಂಗಳು ಹುಣಸೆಹಣ್ಣು ಹಾಕಿ ತಿಕ್ಕಿ ತಿಕ್ಕಿ ಬೆರಳು ಸವೆಸಿಕೊಳ್ಳುವವಳಿಗೆ ಗೊತ್ತಾಗುವುದಿಲ್ಲವೇ?

"ಏನ್ರೀ, ಗಾಡಿಗೆ ಯಾವ ನೀರು ಹಾಕ್ತೀರಿ?"

ಉತ್ತರ ನನಗೇ ಗೊತ್ತಿತ್ತು. ನಮ್ಮಲ್ಲಿ ಹೊಳೆಯ ನೀರು ನಳಕ್ಕೆ ಎಂಟು ದಿನಕ್ಕೊಮ್ಮೆ ಬರುತ್ತದೆ. ಅದು ಕುಡಿಯುವುದಕ್ಕೆ, ಬೇಳೆ ಬೇಯಿಸುವುದಕ್ಕೆ. ಉಳಿದದ್ದಕ್ಕೆಲ್ಲ ಬೋರಿನ ಸವಳು ನೀರು. ಹೊಳೆನೀರಿನಲ್ಲಿ ಯಾರಾದರೂ ಕೈ ತೊಳೆದರೆ ಇವರು ಊಟ ಮುಗಿಯುವ ತನಕ ಅದನ್ನೇ ಆಡುತ್ತಾರೆ. ಹತ್ತು ವರ್ಷ ವಾರವಾರವೂ ಭಕ್ತಿಯಿಂದ ಆ ಕಾರಿಗೆ ಸವಳು ನೀರು ಕುಡಿಸಿದ್ದರು.

"ಕೂಲಂಟ್ ಹಾಕ್ರಿ ಅಂತ ಎಷ್ಟು ಸಲ ಹೇಳೀನಿ ಸಾವ್ಕಾರ್ರ?" ಎಂದರು ಚಾಚಾ.

"ಮನಷ್ಯಾರಿಗೆ ನೀರಿಲ್ಲ, ಗಾಡಿಗೆ ಎಲ್ಲಿಂದ ತರ್ಲಿ?" ಎಂದಿತು ಕೆಳಗಿನ ದನಿ.

"ಸವಳು ನೀರಾಗ ಬ್ಯಾಳಿ ಬೇಯಂಗಿಲ್ಲ ಅಂತ ಗೊತ್ತೈತಿ ನಿಮಗ. ಎಂಜಿನ್ ತಣ್ಣಗ ಇರತೈತಿ ಅಂತ ಯಾರು ಹೇಳಿದ್ರು?" ಎಂದೆ. ಚಾಚಾ ನಕ್ಕು ನಕ್ಕು ಕೆಮ್ಮಿದರು.

ನಾನು ಹುಣಸೆಹಣ್ಣು ತರಲು ಓಡಿದೆ. "ಬ್ಯಾಡ್ರಿ ಅಕ್ಕಾರ, ನಾರು ಸಿಕ್ಕೋತೈತಿ. ಕಿರಾಣಿ ಅಂಗಡ್ಯಾಗ ಲಿಂಬಿ ಉಪ್ಪು ತರ್ರಿ." ಅದನ್ನು ನೀರಿನಲ್ಲಿ ಕರಗಿಸಿ ರೇಡಿಯೇಟರಿಗೆ ಹಾಕಿ, ಎಂಜಿನ್ ಬೆಚ್ಚಗಾಗುವ ತನಕ ಓಡಿಸಿ, ಮತ್ತೆ ತಣ್ಣಗಾಗಲು ಬಿಟ್ಟು, ಹೊರಗೆ ಚೆಲ್ಲಿದೆವು. ಹೀಗೆ ನಾಲ್ಕು ಸಲ. ನಡುನಡುವೆ ಮಂಡಕ್ಕಿ, ಚಹಾ. ಸಂಜೆಯ ಹೊತ್ತಿಗೆ ನೀರು ಧಾರೆಯಾಗಿ, ತಿಳಿಯಾಗಿ ಇಳಿಯಿತು. ನನಗೆ ಹಂಡೆ ಬೆಳಗಿದಾಗ ಆಗುವಷ್ಟೇ ಖುಷಿ.

"ಇನ್ನ ಕೂಲಂಟ್ ಹಾಕ್ರಿ. ಜೋಡಿ ಹೊಳಿ ನೀರು" ಎಂದರು ಚಾಚಾ.

ನಳ ಬರಲು ಇನ್ನೂ ಮೂರು ದಿನವಿತ್ತು. ಅಡುಗೆಮನೆಯಲ್ಲಿದ್ದದ್ದು ಎರಡೇ ಕೊಡ. ಯಜಮಾನರು ಎದ್ದರು, ಬೋರಿನ ನೀರಿನಲ್ಲೇ ಕೈ ತೊಳೆದರು, ಒಳಗೆ ಹೋಗಿ ಒಂದು ಕೊಡ ಎತ್ತಿಕೊಂಡು ಬಂದರು. ಕೂಲಂಟಿನ ಜೊತೆ ಒಂದು ಹನಿಯೂ ಚೆಲ್ಲದಂತೆ ಸುರಿದು, ಕಿಸೆಯಿಂದ ಚಾವಿ ತೆಗೆದು ಗಾಡಿ ಚಾಲೂ ಮಾಡಿದರು. ಅರ್ಧ ತಾಸು ಕಳೆದರೂ ಮುಳ್ಳು ನಡುವೆಯೇ ನಿಂತಿತ್ತು. ಆಮೇಲೆ ಇಳಿದು, ಬಾಗಿಲು ಹಾಗೇ ತೆರೆದು ಹಿಡಿದರು. ಚಾವಿ ಅಲ್ಲೇ ಇತ್ತು.

"ಗಾಡಿ ಹತ್ತು, ಒಂದು ರೌಂಡ್ ಹೊಡಕೊಂಡು ಬಾ" ಎಂದರು. ಆಮೇಲೆ ಚಾಚಾನ ಕಡೆ ನೋಡದೆ ಮೆಲ್ಲಗೆ, "ನೆಲಾನ ಡೊಂಕಿತ್ತು ಬಿಡು."

ಮೂವತ್ತು ವರ್ಷದ ಸಂಸಾರದಲ್ಲಿ ಅವರು ತಪ್ಪು ಒಪ್ಪಿಕೊಂಡ ಮೊದಲ ಮಾತು ಅದು. ಕೊಡ ನೀರಿಗಿಂತ ಅದೇ ತುಟ್ಟಿ.

ಮುಂದಿನ ಭಾನುವಾರ ಅವ್ವ ಅದೇ ಸೀರೆಯುಟ್ಟು ಕಟ್ಟೆಯ ಮೇಲೆ ಕಾಯುತ್ತಿದ್ದಳು. ರೂಢಿಯಂತೆ ಹಿಂದಿನ ಬಾಗಿಲಿಗೆ ಹೋದವಳನ್ನು ಕೈಹಿಡಿದು ಮುಂದೆ ಕೂರಿಸಿದೆ. ಹೊಳೆಯ ದಂಡೆಯಲ್ಲಿ ರೊಟ್ಟಿ ಬುತ್ತಿ ಉಂಡೆವು. ಅವ್ವ ಒಂದು ಕ್ಯಾನು ಹೊಳೆನೀರು ತುಂಬಿ, "ಅಳಿಯಾಗ ಒಯ್ಯಿ" ಎಂದಳು. ವಾಪಸು ಬರುವಾಗ ನಾನು ಮುಳ್ಳು ನೋಡುತ್ತಿದ್ದೆ, ಅವಳು ರಸ್ತೆ ನೋಡುತ್ತಿದ್ದಳು.

"ಚಕ್ಕಡ್ಯಾಗ ಹಿಂದ ಕುಂತೆ, ನಿಮ್ಮಪ್ಪನ ಸೈಕಲ್ಲಿನ ಹಿಂದ ಕುಂತೆ, ಬಸ್ಸಿನ್ಯಾಗೂ ಹಿಂದ" ಎಂದಳು ಕೊನೆಗೆ. "ದಾರಿ ಹಿಂಗ ಎದುರಿಗೆ ಬರೂದು ನಾ ಇವತ್ತ ನೋಡಿದೆ ನೋಡ ಯವ್ವಾ."

ಕಣ್ಣು ತುಂಬಿದರೆ ರಸ್ತೆ ಕಾಣುವುದಿಲ್ಲ. ಅದಕ್ಕೇ ಬೈದೆ: "ಸುಮ್ಮನ ಕುಂಡ್ರಬೇ, ಗಾಡಿ ಹೊಡ್ಯಾಕತ್ತೀನಿ."